ಆಪರೇಶನ್ನಿಗೆ ಜೊತೆಯಾದ ನಾಗಮ್ಮ

ತೂಕ ಇಳಿಸುವ ಆಪರೇಶನ್ನಿಗೆ ಮೊದಲು ಎರಡು ವಾರ ಬರೀ ದ್ರವ ಆಹಾರ ಎಂದಿದ್ದರು ಡಾಕ್ಟರು. ನಾನು ಪಾಠ ಮಾಡುವ ಹೊನ್ನಾವರದ ಶಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ. ತಿಂದು ತಿಂದು ಹೊಟ್ಟೆ ಕೊಯ್ಸಿಕೊಂಡಳು ಎಂದು ನಗುತ್ತಾರೆಂಬ ಹೆದರಿಕೆ. ಊಟದ ಹೊತ್ತಿಗೆ ತರಗತಿಯಲ್ಲೇ ಕೂತು ಫ್ಲಾಸ್ಕಿನಿಂದ ಬೇಳೆಕಟ್ಟು ಕುಡಿಯುತ್ತಿದ್ದೆ.

ಐದನೇ ದಿನ ಬಿಸಿಯೂಟ ಮಾಡುವ ನಾಗಮ್ಮ ಬಾಗಿಲಲ್ಲಿ ನಿಂತಳು. "ಅಕ್ಕೋರೇ, ಎಂತ ಆತು? ನನ್ನ ಸಾರು ರುಚಿ ಇಲ್ವಾ?"

ಅವಳ ಮುಖ ನೋಡಿ ಸುಳ್ಳು ಹೇಳಲಾಗಲಿಲ್ಲ. ಆಪರೇಶನ್ನಿನ ವಿಷಯ ಹೇಳಿ, ಗಂಡನಿಗೆ ಇದು ಇಷ್ಟವಿಲ್ಲ, ಮಂಗಳೂರಿನ ಆಸ್ಪತ್ರೆಯಲ್ಲಿ ಜೊತೆಗಿರಲು ಯಾರೂ ಇಲ್ಲ ಎನ್ನುವಾಗ ಅಳುವೇ ಬಂತು.

ನಾಗಮ್ಮ ನಗಲಿಲ್ಲ. "ಮಂಡಿ ನೋವಿಗೆ ನೀವು ಗೋಡೆ ಹಿಡ್ಕಂಡು ಮೆಟ್ಟಿಲು ಹತ್ತೋದು ದಿನಾ ನೋಡ್ತೆ. ದಸರಾ ರಜೆಯಲ್ಲೇ ಅಲ್ವಾ? ನಾ ಬರ್ತೆ," ಎಂದಳು. ಮರುದಿನದಿಂದ ಬೇಳೆಕಟ್ಟನ್ನು ಅವಳೇ ಸೋಸಿ ತಂದು, ನಾನು ಕುಡಿದು ಮುಗಿಸುವವರೆಗೆ ಎದುರು ಕೂರುತ್ತಿದ್ದಳು.

ಆಪರೇಶನ್ ಚೆನ್ನಾಗಿಯೇ ಆಯಿತು. ಈಗಲೂ ನೆನೆದು ನಗುವುದು ಆಸ್ಪತ್ರೆಗೆ ಸೇರಿದ ದಿನವನ್ನು. ಫಾರ್ಮ್ ತುಂಬುತ್ತಿದ್ದ ನರ್ಸ್, "ನೀವು ಇವರಿಗೆ ಏನಾಗಬೇಕು?" ಎಂದು ನಾಗಮ್ಮನನ್ನು ಕೇಳಿದಳು.

"ಅಡುಗೆಯವಳು," ಎಂದಳು ನಾಗಮ್ಮ, ಹೆಮ್ಮೆಯಿಂದ.

ನರ್ಸ್ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದಳು. ಕಾಯಿಲೆಗೆ ಕಾರಣ ಸಿಕ್ಕಿತು ಎಂದುಕೊಂಡಿರಬೇಕು.