ಗೋಡೆಯಾಚೆಯ ಹಾಜರಿ

1928ರಲ್ಲಿ ನಾನು ಮೈಸೂರು ಸರ್ಕಾರದ ವಿದ್ಯಾ ಇಲಾಖೆಯಲ್ಲಿ ಹೆಣ್ಣುಮಕ್ಕಳ ಪಾಠಶಾಲೆಗಳ ಅಸಿಸ್ಟೆಂಟ್ ಇನ್‌ಸ್ಪೆಕ್ಟ್ರೆಸ್ ಆಗಿದ್ದೆ. ಬಿ.ಎ. ಮುಗಿಸಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಅದು. ಕಚೇರಿ ಚನ್ನಪಟ್ಟಣದಲ್ಲಿತ್ತು. ಕ್ಲೋಸ್‌ಪೇಟೆ, ಮಾಗಡಿ, ಕಾನಕಾನಹಳ್ಳಿಯ ಕಡೆಯ ಶಾಲೆಗಳೂ ನನ್ನ ಪಾಲಿಗೇ ಬಂದಿದ್ದವು. ನನ್ನ ವಿಷಯ ಇಷ್ಟು ಸಾಕು. ಹೇಳಬೇಕಾದದ್ದು ಒಂದು ಪ್ರಶ್ನೆಯ ವಿಷಯ.

ನ್ಯಾಯವಿಧಾಯಕ ಸಭೆಯ ಸದಸ್ಯರು ಸರ್ಕಾರಕ್ಕೆ ಲಿಖಿತ ಪ್ರಶ್ನೆಗಳನ್ನು ಕಳುಹಿಸಬಹುದೆಂಬುದು ಓದುಗರಿಗೆ ತಿಳಿದೇ ಇದೆ. ಅದಕ್ಕೆ ಕಟ್ಟುನಿಟ್ಟಾದ ನಿಯಮಗಳುಂಟು. ಪ್ರಶ್ನೆಯಲ್ಲಿ ವಾದ ಇರಕೂಡದು, ಊಹೆ ಇರಕೂಡದು, ವ್ಯಂಗ್ಯವಂತೂ ಕೂಡದೇ ಕೂಡದು. ಬೇಕಾದ ಸಂಗತಿಯನ್ನಷ್ಟೇ ಕೇಳಬೇಕು. ಉತ್ತರವನ್ನು ಆ ಖಾತೆಯ ಮಂತ್ರಿಗಳು ಸಭೆಯಲ್ಲಿ ಓದುತ್ತಾರೆ. ಆದರೆ ಉತ್ತರ ಹುಟ್ಟುವುದು ಅಲ್ಲಲ್ಲ. ಪ್ರಶ್ನೆಯು ಸೆಕ್ರೆಟೇರಿಯಟ್‌ನಿಂದ ಇಲಾಖೆಯ ಮುಖ್ಯರಿಗೆ, ಅವರಿಂದ ಜಿಲ್ಲೆಗೆ, ಜಿಲ್ಲೆಯಿಂದ ಇನ್ನೂ ಕೆಳಕ್ಕೆ ಇಳಿಯುತ್ತದೆ. ಕೊನೆಗೆ ಯಾರ ಕೆಳಗೆ ಮತ್ಯಾರೂ ಇಲ್ಲವೋ ಅವರ ಮೇಜಿನ ಮೇಲೆ ಬಂದು ನಿಲ್ಲುತ್ತದೆ. ಆ ಬೇಸಿಗೆಯಲ್ಲಿ ಅಂಥ ಮೇಜು ನನ್ನದಾಗಿತ್ತು.

ಪ್ರಶ್ನೆ ಹೀಗಿತ್ತು: (ಅ) ಕಾನಕಾನಹಳ್ಳಿ ತಾಲ್ಲೂಕಿನ ಇಂಥ ಗ್ರಾಮದ ಹೆಣ್ಣುಮಕ್ಕಳ ಪಾಠಶಾಲೆಯು ವರ್ಷದಲ್ಲಿ ಹಲವು ವಾರ ಖಾಲಿ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ಸರ್ಕಾರವು ಏನು ಕ್ರಮ ಕೈಗೊಳ್ಳಲು ಉದ್ದೇಶಿಸಿದೆ?

ಕೇಳಿದವರು ನಮ್ಮ ಸೀಮೆಯ ಸದಸ್ಯರೇ. ಮಾಗಡಿ ಕಡೆಯ ದೊಡ್ಡ ಒಕ್ಕಲು ಮನೆತನದವರು. ಎಲ್ಲರೂ ಅವರನ್ನು ಪಟೇಲರು ಎಂದೇ ಕರೆಯುತ್ತಿದ್ದರು. ಪ್ರಶ್ನೆಯ ಜೊತೆಗೆ ಮೇಲಿನ ಕಚೇರಿಯವರು ಉತ್ತರದ ಕರಡನ್ನೂ ಕಳುಹಿಸಿದ್ದರು. (ಅ) ಹೌದು. (ಆ) ಹಾಜರಿ ಕಡಿಮೆ ಇರುವುದರಿಂದ ಸದರಿ ಪಾಠಶಾಲೆಯನ್ನು ಮುಚ್ಚಲಾಗುವುದು. ನಾನು ಹೋಗಿ ನೋಡಿ, ಸರಿ ಎಂದು ಸಹಿ ಮಾಡಿದರೆ ಮುಗಿಯಿತು.

ನಮ್ಮ ಹೆಡ್ ಗುಮಾಸ್ತರಾದ ರಂಗರಾಯರು ಕರಡನ್ನು ಕನ್ನಡಕ ಏರಿಸಿ ಓದಿದರು, ಇಳಿಸಿ ಓದಿದರು.

"ನೋಡಿ ತಾಯಿ, ನಾವು ನೀವು ಕಾಗದದಲ್ಲಿ ಬರೆದದ್ದನ್ನ ನಾಳೆ ಹೊಡೆದುಹಾಕಬಹುದು. ಮಂತ್ರಿಗಳು ಸಭೇಲಿ ಎದ್ದು ನಿಂತು ಮುಚ್ತೀವಿ ಅಂತ ಓದಿಬಿಟ್ರೆ ಅದನ್ನ ಅಳಿಸೋ ರಬ್ಬರು ಈ ಸಂಸ್ಥಾನದಲ್ಲೇ ಇಲ್ಲ. ಹೋಗಿ, ಸಮಾಧಾನವಾಗಿ ನೋಡ್ಕೊಂಡು ಬನ್ನಿ."

ಆ ಶಾಲೆಯ ಹಾಜರಿ ನಿಜಕ್ಕೂ ಕಡಿಮೆಯೇ ಇತ್ತು. ಉಪಾಧ್ಯಾಯಿನಿ ಗಿರಿಜಮ್ಮ ಪ್ರತಿ ತಿಂಗಳೂ ತಪ್ಪದೆ ಲೆಕ್ಕ ಕಳುಹಿಸುತ್ತಿದ್ದಳು. ವಯಸ್ಸಿನಲ್ಲಿ ನನ್ನಷ್ಟೇ ಇರಬಹುದು. ಲಿಂಗಾಯತರ ಮನೆಯ ಹುಡುಗಿ, ಗಂಡ ತೀರಿಕೊಂಡ ಮೇಲೆ ತರಬೇತಿ ಮುಗಿಸಿ ಬಂದವಳು. ಶಾಲೆ ಮುಚ್ಚಿದರೆ ಅವಳು ಅಣ್ಣನ ಮನೆಗೆ ಹಿಂದಿರುಗಬೇಕಾಗಿತ್ತು. ಆ ಊರಿನ ಹುಡುಗಿಯರಿಗೆ ಮತ್ತೊಂದು ಶಾಲೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಇರಲಿಲ್ಲ.

ಕಾನಕಾನಹಳ್ಳಿಯವರೆಗೆ ಮೋಟಾರಿನಲ್ಲಿ, ಅಲ್ಲಿಂದ ಗಾಡಿಯಲ್ಲಿ ಹೋದೆ. ಶಾಲೆಯ ಬಾಗಿಲಿಗೆ ಚಿಲಕ ಹಾಕಿತ್ತು. ಒಳಗೆ ನೆಲ ಗುಡಿಸಿ ಸ್ವಚ್ಛವಾಗಿತ್ತು, ಕಪ್ಪುಹಲಗೆಯ ಮೇಲೆ ಒಂದಕ್ಷರವಿರಲಿಲ್ಲ. ಪ್ರಶ್ನೆಯ ಮೊದಲ ಭಾಗಕ್ಕೆ 'ಹೌದು' ಎಂದು ಬರೆಯಲು ನನಗೆ ಬೇರೇನೂ ಬೇಕಿರಲಿಲ್ಲ. ಹಿಂದಿರುಗುತ್ತಿದ್ದೆನೇನೋ. ಅಷ್ಟರಲ್ಲಿ ಬೀದಿಯ ಕೊನೆಯಿಂದ ಹದಿಮೂರರ ಮಗ್ಗಿ ಕೇಳಿಸಿತು. ಹತ್ತಾರು ಎಳೆಯ ಕಂಠಗಳು.

ಧ್ವನಿ ಬರುತ್ತಿದ್ದದ್ದು ದಪ್ಪ ಮಣ್ಣುಗೋಡೆಯ ಒಂದು ದೊಡ್ಡ ಮನೆಯಿಂದ. ಜಗಲಿ ಹತ್ತಿ ಬಾಗಿಲಿಗೆ ಹೋಗುವಷ್ಟರಲ್ಲಿ ಒಳಗಿನಿಂದ ಒಬ್ಬ ಮುದುಕಿ ಎರಡೂ ಕೈ ಚಾಚಿ ಅಡ್ಡ ನಿಂತರು. ಮನೆಯ ಯಜಮಾನಿ ಸಾಕಮ್ಮ.

"ಅಲ್ಲೇ ನಿಂತ್ಕಳವ್ವ! ಒಳೀಕೆ ಬರಂಗಿಲ್ಲ."

"ನಾನು ಸ್ಕೂಲ್ ಇನ್‌ಸ್ಪೆಕ್ಟ್ರೆಸ್, ಅಮ್ಮ. ಸರ್ಕಾರದಿಂದ ಬಂದಿದ್ದೇನೆ."

"ದಿವಾನ್ರ ಮಗಳೇ ಆಗಿರು. ಹುಳ ನಾಕ್ನೇ ಜ್ವರ ಎದ್ದವೆ. ನೀನು ಮೋಟ್ರಲ್ಲಿ ಬಂದೆ, ಯಾರ್ ಯಾರ್ ಪಕ್ಕ ಕುಂತಿದ್ಯೋ, ಯಾರ್ ಕಣ್ಣು ಬಿದ್ದೈತೋ. ಹುಳ ಕೆಟ್ರೆ ನಿನ್ ಸರ್ಕಾರ ಗೂಡು ಕಟ್ಟಿಕೊಡ್ತದಾ?"

ರೇಷ್ಮೆಯ ಸೀಮೆಯಲ್ಲಿ ಕೆಲಸ ಮಾಡುತ್ತಿದ್ದರೂ ನನಗೆ ಈ ಕಟ್ಟಳೆ ಅಲ್ಲಿಯವರೆಗೆ ಎದುರಾಗಿರಲಿಲ್ಲ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಅದನ್ನೇ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿ ಹತ್ತುವವರೆಗೆ ಅದಕ್ಕೆ ತೀರದ ಹಸಿವು, ಮನೆಮಂದಿಗೆ ಬಿಡುವಿಲ್ಲದ ಕೆಲಸ. ವರ್ಷಕ್ಕೆ ಹಲವು ಸಲ ಬರುವ ಆ ದಿನಗಳಲ್ಲಿ ಹೊರಗಿನವರು ಹುಳದ ಮನೆಗೆ ಕಾಲಿಡುವಂತಿಲ್ಲ. ಆ ಊರಿನಲ್ಲಿ ಬೇಸಿಗೆಯಲ್ಲೂ ತಂಪಾಗಿರುವ ಮನೆ ಸಾಕಮ್ಮನವರದೊಂದೇ ಆದ್ದರಿಂದ ಅಕ್ಕಪಕ್ಕದವರ ಹುಳುಗಳೂ ಅಲ್ಲೇ ಇದ್ದವು. ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹುಳದ ತಟ್ಟೆಗಳಿಗೆ ಹಾಕುವವರು ಊರಿನ ಹುಡುಗಿಯರು, ಅಂದರೆ ನಮ್ಮ ಶಾಲೆಯ ವಿದ್ಯಾರ್ಥಿನಿಯರು.

ಗಿರಿಜಮ್ಮ ಹೊಸ್ತಿಲಿನ ಒಳಗೇ ಬಂದು ನಿಂತು ಕೈಮುಗಿದಳು. ಅವಳ ಕೂದಲು ಇನ್ನೂ ಒದ್ದೆಯಾಗಿತ್ತು.

"ದಿನಾ ಬೆಳಗ್ಗೆ ಇಲ್ಲೇ ಸ್ನಾನ ಮಾಡಿ ಒಳಗೆ ಬರ್ತೀನಿ ಮೇಡಂ. ಸೊಪ್ಪು ಹಾಕಿದ ಮೇಲೆ ಹುಳ ತಿಂದು ಮುಗಿಸೋವರೆಗೆ ಮಕ್ಕಳಿಗೆ ಕೆಲಸ ಇರಲ್ಲ. ಆಗ ಪಾಠ. ಆಚೆ ಬಂದರೆ ಮತ್ತೆ ಸ್ನಾನ ಮಾಡಬೇಕು, ಅದಕ್ಕೇ ಇಲ್ಲಿಂದಲೇ ಮಾತಾಡ್ತಿದ್ದೀನಿ. ತಪ್ಪು ತಿಳೀಬೇಡಿ."

"ಮತ್ತೆ ಹಾಜರಿಯಲ್ಲಿ ಎಲ್ಲರೂ ಗೈರು ಎಂದಿದೆಯಲ್ಲ?"

"ಪಾಠಶಾಲೆಯ ಕಟ್ಟಡದಲ್ಲಿ ಇದ್ದವರನ್ನ ಮಾತ್ರ ಹಾಜರು ಅಂತ ಬರೀಬೇಕು ಅಂತ ನಿಯಮ ಇದೆ. ಕಟ್ಟಡದಲ್ಲಿ ಯಾರೂ ಇರಲ್ಲ. ಸುಳ್ಳು ಹೇಗೆ ಬರೀಲಿ?"

ಅವಳು ಶಾಲೆ ನಡೆಸಿದ್ದೂ ನಿಜ, ಬರೆದದ್ದೂ ನಿಜ. ಎರಡೂ ಸೇರಿ ಅವಳ ಶಾಲೆಯನ್ನು ಮುಚ್ಚಿಸುವ ಹಂತಕ್ಕೆ ತಂದಿದ್ದವು. ಕರಡು ಉತ್ತರವನ್ನು ನಾನು ಅವಳಿಗೆ ಓದಿ ಹೇಳಿದೆ. ಅವಳು ಸೆರಗಿನಿಂದ ಕೈಯನ್ನು ಒರೆಸಿಕೊಳ್ಳುತ್ತಲೇ ನಿಂತಳು.

ಕಣ್ಣಿನಿಂದ ನೋಡದೆ ತಪಾಸಣೆ ಬರೆಯುವುದು ಹೇಗೆ? ಸಾಕಮ್ಮನವರನ್ನು ಮತ್ತೊಮ್ಮೆ ಕೇಳಿದೆ. ಬಾಗಿಲಿನಿಂದ ಒಂದು ಸಲ ಇಣುಕಿದರೆ ಸಾಕು ಎಂದೆ.

"ಇಣುಕಾದೇ ಒಳೀಕೆ ಬರಾದಕ್ಕಿಂತ ಕೆಟ್ಟದ್ದು ಕಣವ್ವ! ಬೆಳಕಿಂಡಿ ಕೆಳಗೆ ಜಗಲಿ ಮ್ಯಾಲೆ ಕುಂತ್ಕ. ಏನ್ ಬೇಕೋ ಕೂಗಿ ಕೇಳು. ಕಿವಿಗೆ ಕಣ್ಣಿನಂಗೆ ದೃಷ್ಟಿ ಆಗಾಕಿಲ್ಲ."

ಹಾಗೆಯೇ ಕುಳಿತೆ. ಕಚೇರಿಯಿಂದ ತಂದಿದ್ದ ಪಟ್ಟಿ ನೋಡಿ ಒಂದೊಂದೇ ಹೆಸರು ಕೂಗಿದೆ. ಒಳಗಿನಿಂದ ಒಂದೊಂದೇ ಉತ್ತರ ಬಂತು. "ಇವ್ನಿ ಅಮ್ಮಾವ್ರೇ!" "ಇವ್ನಿ!" ಪುಟ್ಟತಾಯಿ ಎಂದಾಗ ಮಾತ್ರ ಸದ್ದಿಲ್ಲ.

"ಪುಟ್ಟತಾಯಿ ಎಲ್ಲಿ?"

"ಅಟ್ಟದ್ ಮ್ಯಾಲಿನ್ ತಟ್ಟೆಗೆ ಸೊಪ್ಪು ಹಾಕ್ತಾವ್ಳೆ. ಬಾಯಲ್ಲಿ ಬೆಲ್ಲ ಐತೆ, ಅದ್ಕೇ ಮಾತಾಡ್ತಾ ಇಲ್ಲ!"

"ಇಲ್ಲ ಅಮ್ಮಾವ್ರೇ, ಇವ್ಳೇ ಕೊಟ್ಟಿದ್ದು!" ಎಂದು ಬೆಲ್ಲ ತುಂಬಿದ ಧ್ವನಿಯೊಂದು ಮೇಲಿನಿಂದ ಬಂತು. ನಾನು ಹಾಜರು ಎಂದು ಗುರುತು ಹಾಕಿಕೊಂಡೆ.

ಬಾಯಿಲೆಕ್ಕ ಕೇಳಿದೆ, ಚೆನ್ನಾಗಿ ಹೇಳಿದರು. ಬರಹ ನೋಡಬೇಕಾಗಿತ್ತು. ಉಕ್ತಲೇಖನಕ್ಕೆ ಬೇರೇನೂ ಹೊಳೆಯದೆ, ಕೈಯಲ್ಲಿದ್ದ ಪ್ರಶ್ನೆಯನ್ನೇ ನಿಧಾನವಾಗಿ ಓದಿದೆ. "ಪಾಠಶಾಲೆಯು... ಹಲವು ವಾರ... ಖಾಲಿ ಇರುವುದು... ಸರ್ಕಾರದ ಗಮನಕ್ಕೆ ಬಂದಿದೆಯೇ?" ಬಳಪದ ಸದ್ದು ನಿಂತಿತು. ಒಳಗಿನಿಂದ ಒಬ್ಬಳು ಗಟ್ಟಿಯಾಗಿ ಕೇಳಿದಳು:

"ಖಾಲಿ ಎಲ್ಲೈತೆ ಅಮ್ಮಾವ್ರೇ? ನಾವಿಲ್ವಾ?"

ಇನ್ನೊಬ್ಬಳು ಅವಳನ್ನು ಗದರಿಸಿದಳು: "ಸುಮ್ಕೆ ಬರ್ಕಳೇ. ಅದು ಸರ್ಕಾರದ್ ಪ್ರಶ್ನೆ."

ಬರೆದದ್ದನ್ನು ಕಿಂಡಿಯಿಂದ ಕೊಡಿ ಎಂದಾಗ ಒಳಗೆ ಜಗಳವೇ ಎದ್ದಿತು. ಆಚೆ ಹೋದ ವಸ್ತು ಹುಳ ಚಂದ್ರಿಕೆ ಹತ್ತುವ ತನಕ ಒಳಗೆ ಬರುವಂತಿಲ್ಲ ಎಂದು ಸಾಕಮ್ಮನವರ ಅಪ್ಪಣೆ. ಯಾರಿಗೂ ತಮ್ಮ ಸ್ಲೇಟು ಕಳೆದುಕೊಳ್ಳುವ ಮನಸ್ಸಿಲ್ಲ. "ನಿಂದು ಒಡ್ದೈತಲ್ಲ, ಅದ್ನೇ ಕೊಡೇ." "ನಿಂದ್ರಲ್ಲೇ ತಪ್ಪಿಲ್ಲ, ನೀನೇ ಕೊಡು." ಕೊನೆಗೆ ಮೂಲೆ ಮುರಿದ ಸ್ಲೇಟೊಂದು ಕಿಂಡಿಯಿಂದ ಇಳಿಯಿತು. ಅಕ್ಷರಗಳು ದುಂಡಾಗಿದ್ದವು, ಸೊಪ್ಪಿನ ಹಸಿರು ಬೆರಳ ಗುರುತು ಅಂಚಿನಲ್ಲಿತ್ತು. ಓದಿ, ನಕಲು ಮಾಡಿಕೊಂಡು, ಜಗಲಿಯ ಮೇಲೆಯೇ ಇಟ್ಟುಬಂದೆ.

ಚನ್ನಪಟ್ಟಣಕ್ಕೆ ಬಂದು ವರದಿ ಬರೆಯಲು ಕುಳಿತಾಗ ನನಗೆ ಅಳುಕಾಯಿತು. ಮಕ್ಕಳನ್ನು ಕಂಡೆ ಎಂದು ಬರೆದರೆ ಸುಳ್ಳು. ಕಾಣಲಿಲ್ಲ ಎಂದಷ್ಟೇ ಬರೆದರೆ ಶಾಲೆ ಮುಚ್ಚುತ್ತದೆ. ರಂಗರಾಯರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಬಹಳ ಹೊತ್ತು ನಕ್ಕರು, ಆಮೇಲೆ ಗಂಭೀರವಾದರು.

"ನೀವು ಎಲ್ಲಿ ಕೂತಿದ್ರೋ ಅಲ್ಲಿಂದಲೇ ಬರೀರಿ ತಾಯಿ. ಒಂದು ಅಂಗುಲ ಒಳಗೆ ಹೋಗಬೇಡಿ. ನಾಳೆ ಯಾರಾದ್ರೂ ಕೆದಕಿದ್ರೂ ನಿಲ್ಲೋ ಹಾಗಿರಬೇಕು."

(ಅ) ಭಾಗಕ್ಕೆ ನಾನು ಬರೆದದ್ದು ಇಷ್ಟು: "ಪಾಠಶಾಲೆಯ ಕಟ್ಟಡವು ರೇಷ್ಮೆಹುಳು ಸಾಕುವ ವಾರಗಳಲ್ಲಿ ಖಾಲಿ ಇರುತ್ತದೆ. ಪಾಠವು ಹುಳು ಸಾಕುವ ಮನೆಯಲ್ಲಿ ನಡೆಯುತ್ತದೆ. ತನಿಖೆಗೆ ಹೋದ ಅಧಿಕಾರಿಗೆ ಒಳಗೆ ಪ್ರವೇಶ ದೊರೆಯಲಿಲ್ಲ. ಹೊರಗೆ ಕುಳಿತು ಹಾಜರಿ ಕೂಗಿ, ಉತ್ತರಗಳನ್ನು ಕಿವಿಯಾರೆ ಕೇಳಿರುತ್ತಾರೆ." (ಆ) ಭಾಗಕ್ಕೆ, ಅಂಥ ಹಾಜರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ಸಲಹೆ ಮಾಡಿದೆ. ಮೇಲಿನವರು (ಅ) ಹಾಗೇ ಉಳಿಸಿಕೊಂಡರು. ನನ್ನ ಸಲಹೆಯನ್ನು ತೆಗೆದುಹಾಕಿ, "ಮುಚ್ಚುವ ವಿಷಯ ಪರಿಶೀಲನೆಯಲ್ಲಿದೆ" ಎಂದು ತಿದ್ದಿದರು. ಪರಿಶೀಲನೆ ಎಂದರೆ ತಡವಾಗಿ ಮುಚ್ಚುವುದು ಎಂದು ರಂಗರಾಯರು ಅರ್ಥ ಹೇಳಿದರು.

ಉಪಪ್ರಶ್ನೆ ಬಂದರೆ ವಿವರ ಒದಗಿಸಲು ನಾನು ಬೆಂಗಳೂರಿಗೆ ಬರಬೇಕೆಂದು ಆಜ್ಞೆಯಾಯಿತು. ಲಿಖಿತ ಉತ್ತರ ಕೇಳಿದ ಮೇಲೆ ಸದಸ್ಯರು ಸ್ಥಳದಲ್ಲೇ ಕೇಳುವ ಮರುಪ್ರಶ್ನೆಗೆ ಉಪಪ್ರಶ್ನೆ ಎನ್ನುತ್ತಾರೆ. ಪ್ರೇಕ್ಷಕರ ಸಾಲಿನಲ್ಲಿ ಹೆಂಗಸು ನಾನೊಬ್ಬಳೇ. ಮಂತ್ರಿಗಳು ಉತ್ತರ ಓದಿದರು. "ಒಳಗೆ ಪ್ರವೇಶ ದೊರೆಯಲಿಲ್ಲ" ಎಂಬಲ್ಲಿಗೆ ಸಭೆಯಲ್ಲಿ ನಗೆ ಹಬ್ಬಿತು. ಸರ್ಕಾರಕ್ಕೇ ಪ್ರವೇಶವಿಲ್ಲವೇ ಎಂದು ಯಾರೋ ಅಂದರು. ನಾನು ತಲೆ ತಗ್ಗಿಸಿದೆ.

ಪಟೇಲರು ಎದ್ದರು. ಅವರು ನಗುತ್ತಿರಲಿಲ್ಲ.

"ಸ್ವಾಮಿ, ನಗಾದು ಬ್ಯಾಡ. ನಮ್ಮನೇಲೂ ಹುಳ ಮೇಯಿಸ್ತಾರೆ. ರೈಲು ಮೋಟ್ರು ಹತ್ತಿ ತಿರುಗೋನು ಅಂತ ನಮ್ಮವ್ವ ನನ್ನೇ ಒಳೀಕೆ ಬುಡಾಕಿಲ್ಲ. ಹುಳದ್ ಮನೇಲಿ ಏನ್ ನಡೀತದೆ ಅಂತ ನಂಗೆ ಗೊತ್ತಿಲ್ದೇ ಇರಾದು ಅದ್ಕೇ. ಈಗ ನನ್ ಉಪಪ್ರಶ್ನೆ. ಆ ಅಧಿಕಾರಿ ಕಿವಿಯಿಂದ ಕೇಳಿದ್ದು ನಿಜ ಅಂತ ಸರ್ಕಾರ ಒಪ್ತದೋ?"

"ಒಪ್ಪುತ್ತದೆ" ಎಂದರು ಮಂತ್ರಿಗಳು. ಓದಿದ ಉತ್ತರದಲ್ಲಿಯೇ ಅದು ಇದ್ದುದರಿಂದ ಬೇರೆ ದಾರಿಯಿರಲಿಲ್ಲ.

"ಒಪ್ಪಿದ್ ಮೇಲೆ, ಆ ಮಕ್ಕಳ ಹಾಜರಿ ಬರ್ಕೋತೀರೋ ಇಲ್ವೋ?"

ಮಂತ್ರಿಗಳು ಹಿಂದೆ ಕುಳಿತಿದ್ದ ಕಾರ್ಯದರ್ಶಿಗಳತ್ತ ತಿರುಗಿದರು. ಇಬ್ಬರೂ ತುಸು ಪಿಸುಗುಟ್ಟಿಕೊಂಡರು. ಮಂತ್ರಿಗಳು ನೇರವಾಗಿ ನಿಂತು ಹೇಳಿದರು:

"ಬರೆದುಕೊಳ್ಳಲಾಗುವುದು."

ಅಷ್ಟೇ. ಅದನ್ನು ಅಳಿಸುವುದು ಇನ್ನು ಯಾವ ಕಚೇರಿಯ ಕೈಯಲ್ಲೂ ಇರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಪಟೇಲರೇ ನನ್ನನ್ನು ಗುರುತಿಸಿದರು. "ಜಗಲಿ ಮ್ಯಾಲೆ ಕುಂತಿದ್ದೋರು ನೀವೇ ಏನ್ ತಾಯಿ? ಗಾಡೀಲಿ ಹೋಯ್ತಾ ಸ್ಕೂಲ್ ಬಾಗಿಲು ಹಾಕಿರಾದು ಕಂಡೆ. ಮೇಷ್ಟ್ರಮ್ಮ ಸಂಬಳ ತಿಂದ್ಕಂಡು ಮನೇಲವ್ಳೆ ಅಂತ ಪ್ರಶ್ನೆ ಬರೆಸ್ಬುಟ್ಟೆ. ನೀವೂ ಹಂಗೇ ಬರ್ದಿದ್ರೆ ಒಂದು ಪಾಪ ನನ್ ತಲೆ ಮ್ಯಾಲೆ ಕುಂತಿರ್ತಿತ್ತು." ನಾನು ನಮಸ್ಕಾರ ಹೇಳಿ ಬಂದೆ. ಹೆಚ್ಚು ಮಾತು ನನಗೆ ಬಾರದು. ತಾವೇ ಹಾಕಿದ ಪ್ರಶ್ನೆಯನ್ನು ತಾವೇ ಸಭೆಯ ಎದುರು ತಿದ್ದಿಕೊಂಡ ಆ ಹಿರಿಯರಿಗೆ ನಾನು ಋಣಿ ಎಂಬುದನ್ನು ಅಂದು ಹೇಳಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಈಗ ನಾಲ್ಕು ವರ್ಷಗಳಾದವು. ಹುಳ ಸಾಕುವ ದಿನಗಳಲ್ಲಿ ಆ ಊರಿಗೆ ಮತ್ತೆ ಮತ್ತೆ ಹೋಗಿದ್ದೇನೆ. ಗಿರಿಜಮ್ಮ ಈಗ ಹುಳದ ಮನೆಯಲ್ಲಿ ಕಲಿಯುವವರನ್ನೂ ಹಾಜರು ಎಂದೇ ಬರೆಯುತ್ತಾಳೆ. ಸಾಕಮ್ಮನವರು ಜಗಲಿಯ ಮೇಲೆ ಚಾಪೆ ಹಾಸಿ, ಮಜ್ಜಿಗೆ ತಂದಿಟ್ಟು, "ಒಳೀಕೆ ಮಾತ್ರ ಬುಡಾಕಿಲ್ಲ ಕಣ್ ಮಗ" ಎನ್ನುತ್ತಾರೆ. ಸರ್ಕಾರದ ಕೆಲಸದಲ್ಲಿರುವವರಿಗೆ ಎಲ್ಲ ಬಾಗಿಲೂ ತೆರೆಯಬೇಕೆಂದು ನಾನು ಓದುವಾಗ ನಂಬಿದ್ದೆ. ತೆರೆಯದ ಬಾಗಿಲಿನ ಎದುರು ಕುಳಿತು, ಕೇಳಿಸಿದಷ್ಟನ್ನು, ಕೇಳಿಸಿದ ಜಾಗದಿಂದಲೇ ಬರೆದರೂ ಉತ್ತರ ಪೂರ್ಣವಾಗುತ್ತದೆಂದು ನನಗೆ ಕಲಿಸಿದವರು ಆ ಮನೆಯವರು. ಹಾಜರಿ ಕೂಗುವಾಗ ಈಗಲೂ ನಾನು ಆ ಹುಡುಗಿಯರ ಮುಖಗಳನ್ನು ಕಾಣೆ. ಧ್ವನಿಯಿಂದ ಒಬ್ಬೊಬ್ಬಳನ್ನೂ ಬಲ್ಲೆ.