ದೂರು ಬಾರದ ಮೂರು ದಿನ

ನಮ್ಮನೆಯವರಿಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಇದು ಗೊತ್ತಾದ ಕೂಡಲೇ ದನಿ ತಗ್ಗಿಸಿ ಮಾತಾಡಲು ಶುರುಮಾಡುತ್ತಾರೆ. ಇವರ ಕಿವಿ ಬಲು ಚುರುಕು, ತಗ್ಗಿಸಿ ಆಡಿದ್ದೂ ಕೇಳಿಸುತ್ತದೆ. ಅಂಧ ಮಕ್ಕಳ ಶಾಲೆಯಲ್ಲಿ ಇವರು ಕಂಪ್ಯೂಟರ್ ಮೇಷ್ಟ್ರು. ಪರದೆಯ ಮೇಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶವಿದೆ. ಅದನ್ನು ಕೇಳುತ್ತ ಇವರು ನನಗಿಂತ ಬೇಗ ಓದುತ್ತಾರೆ, ಬರೆಯುತ್ತಾರೆ.

ಆ ತಂತ್ರಾಂಶ, ಕಂಪ್ಯೂಟರನ್ನೇ ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ, ಎರಡೂ ಪುಕ್ಕಟೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಲಿನಕ್ಸಿನ ಒಂದು ಬಗೆಯಲ್ಲಿ ಈ ಓದುವ ದನಿಯನ್ನು ಸಿದ್ಧಮಾಡಿ ಎಲ್ಲರಿಗೂ ತಲುಪಿಸುವ ಹೊಣೆ ಹನ್ನೊಂದು ವರ್ಷದಿಂದ ಇವರದು. ಸಂಬಳವಿಲ್ಲ. ಮನೆಯ ಬಲ್ಬು ಹೋಗಿದೆ ಅಂದರೆ "ನನಗ್ಯಾಕೆ ಬಲ್ಬು" ಅನ್ನುವ ಮನುಷ್ಯ, ಗುರುತು ಪರಿಚಯವಿಲ್ಲದವರ ಕಂಪ್ಯೂಟರಿಗಾಗಿ ಭಾನುವಾರ ಇಡೀ ತಲೆ ಕೆಡಿಸಿಕೊಂಡು ಕೂರುತ್ತಾರೆ.

ಜೊತೆಯಲ್ಲಿ ದುಡಿಯುವವರು ಇಟ್ಟ ಅಡ್ಡಹೆಸರು ಕತ್ತರಿ. ನಾನು ಹೊಲಿಗೆಯವಳು, ಕತ್ತರಿ ಇರುವುದು ನನ್ನ ಕೈಯಲ್ಲಿ, ಹೆಸರು ಮಾತ್ರ ಇವರಿಗೆ. ಆದರೆ ಹೆಸರು ಸುಮ್ಮನೆ ಬಂದದ್ದಲ್ಲ. ಯಾವ ತಂತ್ರಾಂಶವೂ ಒಂಟಿಯಾಗಿ ಬರುವುದಿಲ್ಲವಂತೆ. ಅದಕ್ಕೆ ಬೇಕಾದ ಬೇರೆ ಸಣ್ಣ ತಂತ್ರಾಂಶಗಳ ಕಟ್ಟುಗಳು, ಅಂದರೆ ಪ್ಯಾಕೇಜುಗಳಿರುತ್ತವೆ, ಅವಕ್ಕೆ ಬೇಕಾದವು ಇನ್ನಷ್ಟು. ಒಬ್ಬ ನೆಂಟನನ್ನು ಊಟಕ್ಕೆ ಕರೆದರೆ ಅವನ ಭಾವಮೈದ, ಭಾವಮೈದನ ಷಡ್ಡಕ, ಷಡ್ಡಕನ ಮಕ್ಕಳು ಎಲ್ಲ ಬಂದು ಕೂತ ಹಾಗೆ. ಓದುವ ದನಿಯೊಂದನ್ನು ಹಾಕಿಕೊಂಡರೆ ನೂರ ನಲವತ್ತು ಪ್ಯಾಕೇಜು ಬಂದಿಳಿಯುತ್ತಿದ್ದವು. ಶಾಲೆಯ ಹಳೆಯ ಕಂಪ್ಯೂಟರುಗಳಲ್ಲಿ ಜಾಗ ಸಾಲದೆ ಎರಡು ಕೆಟ್ಟು ಕೂತವು. ಆಗ ಇವರು ಹಟ ಹಿಡಿದು, ಒಂದೊಂದನ್ನೇ ಪರೀಕ್ಷಿಸಿ, 'ಬೇಕೇ ಬೇಕು' ಅನ್ನುವ ಪಟ್ಟಿಯಿಂದ 'ಇದ್ದರೆ ಇರಲಿ' ಅನ್ನುವ ಪಟ್ಟಿಗೆ ತಳ್ಳುತ್ತ ಹೋದರು. ನೂರ ನಲವತ್ತು ಐವತ್ತೆರಡಕ್ಕೆ ಇಳಿಯಿತು.

ಸೋಮವಾರ ಅದನ್ನು ಎಲ್ಲರಿಗೂ ಬಿಟ್ಟರು. ಹೊಸದು ಬಂದ ಕಂಪ್ಯೂಟರಿನಿಂದ ಬೇಡದ ಪ್ಯಾಕೇಜುಗಳು ತಾವಾಗಿ ಅಳಿದುಹೋಗುತ್ತವೆ. ಏನಾದರೂ ಬದಲಾಯಿಸಿದರೆ ಸಾಮಾನ್ಯವಾಗಿ ಹತ್ತಾರು ದೂರು ಬರುತ್ತವೆ. ಮಂಗಳವಾರ ಒಂದೂ ಇಲ್ಲ. ಬುಧವಾರವೂ ಇಲ್ಲ.

"ಮೊದಲನೇ ಸಲ ಕಣೇ, ಒಬ್ಬರೂ ಬಾಯಿ ಬಿಟ್ಟಿಲ್ಲ," ಅಂದರು ಇವರು. ಅವತ್ತು ಎರಡು ತುತ್ತು ಹೆಚ್ಚೇ ಉಂಡರು.

ಗುರುವಾರ ಬೆಳಿಗ್ಗೆ ಹತ್ತಾದರೂ ಶಾಲೆಗೆ ಹೊರಡದೆ ಕೂತಿದ್ದರು. ಯಾಕೆ ಅಂದೆ.

"ಆ ಹುಡುಗಿ ಮೂರು ದಿನದಿಂದ ಬರೆದಿಲ್ಲ."

ಇವರ ಹಳೆಯ ವಿದ್ಯಾರ್ಥಿನಿ ಅವಳು. ನೀರು ಸರಬರಾಜು ಕಚೇರಿಯಲ್ಲಿ, ಜನ ಬರೆಯುವ ಇಮೇಲುಗಳಿಗೆ ಉತ್ತರ ಕೊಡುವ ಕೆಲಸ. ಒಂದು ತಿಂಗಳು ನೋಡಿ ಆಮೇಲೆ ಕಾಯಂ ಮಾಡುವುದು ಅಂತ ಮಾತು, ಆ ತಿಂಗಳು ಶನಿವಾರಕ್ಕೆ ಮುಗಿಯುತ್ತಿತ್ತು. ಕಣ್ಣಿಲ್ಲದವಳೊಬ್ಬಳು ಆ ಕಚೇರಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ದಿನಾ ಕುರ್ಚಿಯಲ್ಲಿ ಕೂತ ತಕ್ಷಣ "ಬಂದೆ ಸರ್" ಅಂತ ಕಂಪ್ಯೂಟರಿನಿಂದ ಎರಡೇ ಮಾತು ಬರೆದು ಕಳಿಸುತ್ತಿದ್ದಳು. ಫೋನು ಮಾಡಿದರೆ ಎತ್ತಲಿಲ್ಲ.

"ಶಾಲೆಗೆ ನೀನೂ ಬಾ," ಅಂದರು. ಇವರು ಹಾಗೆಲ್ಲ ಕರೆಯುವವರಲ್ಲ.

ಶಾಲೆಯ ಯಂತ್ರಗಳಿಗೆ ಹೊಸದನ್ನು ಹಾಕುವುದು ಇವರೇ, ಇನ್ನೂ ಹಾಕಿರಲಿಲ್ಲ. ಕಂಪ್ಯೂಟರ್ ಕೋಣೆಯಲ್ಲಿ ಒಂದು ಯಂತ್ರಕ್ಕೆ ಹಾಕಿದರು. ದನಿ ಪಟಪಟನೆ ಓದುತ್ತಿತ್ತು, "ಅಳಿಸಲಾಗುತ್ತಿದೆ, ಅಳಿಸಲಾಗುತ್ತಿದೆ" ಅಂತ. ಯಂತ್ರವನ್ನು ಆರಿಸಿ ಮತ್ತೆ ಹಾಕಿದರು. ಸದ್ದಿಲ್ಲ. ಒಂದು ಕೀಲಿ ಒತ್ತಿದರು, ಇನ್ನೊಂದು ಒತ್ತಿದರು.

"ಪರದೆ ಮೇಲೆ ಏನಿದೆ ನೋಡು."

"ಎಲ್ಲಾ ಸರಿಯಾಗೇ ಇದೆ ಕಣ್ರೀ. ಯಾವಾಗ್ಲೂ ಇರೋ ಹಾಗೇ ಇದೆ."

ಫೋನಿನಲ್ಲಿ ಓದುವ ದನಿ ಬೇರೆಯದು, ಇವರು ಅದರಲ್ಲಿ ತಮ್ಮ ಪಟ್ಟಿಯನ್ನು ಮೊದಲಿಂದ ಕೇಳಿಸಿಕೊಂಡರು. ದನಿಯನ್ನು ಸ್ಪೀಕರಿಗೆ ಮುಟ್ಟಿಸುವ ಸಣ್ಣದೊಂದು ಪ್ಯಾಕೇಜನ್ನೂ ಇವರು 'ಇದ್ದರೆ ಇರಲಿ' ಪಟ್ಟಿಗೆ ತಳ್ಳಿದ್ದರು. ಮನೆಯ ಯಂತ್ರದಲ್ಲಿ ಪಾಠವನ್ನು ಧ್ವನಿಮುದ್ರಿಸುವ ಇನ್ನೊಂದು ತಂತ್ರಾಂಶದ ಜೊತೆ ಅದು ಮೊದಲೇ ಬಂದು ಕೂತಿತ್ತು. ಅದಕ್ಕೇ ಅಲ್ಲಿ ಪರೀಕ್ಷಿಸಿದಾಗ ಏನೂ ಕಾಣಲಿಲ್ಲ.

"ದೂರು ಯಾಕೆ ಬರಲಿಲ್ಲ ಗೊತ್ತಾಯ್ತಾ?" ಅಂದರು. "ಕಂಪ್ಯೂಟರಲ್ಲಿ ದೂರು ಬರೆಯೋಕೂ ಅದೇ ದನಿ ಬೇಕಲ್ಲ."

ಎಷ್ಟು ಮನೆಗಳಲ್ಲಿ, ಎಷ್ಟು ಜನ, ಸುಮ್ಮನಾದ ಯಂತ್ರದ ಮುಂದೆ ಕೂತಿದ್ದಾರೋ. ಇವರು ಅಲ್ಲೇ ಮನೆಯ ಯಂತ್ರಕ್ಕೆ ಫೋನಿನಿಂದ ಸೇರಿಕೊಂಡು ತಪ್ಪು ತಿದ್ದಿ, ತಿದ್ದಿದ್ದನ್ನು ಎಲ್ಲರಿಗೂ ಬಿಟ್ಟರು. ಹಾಗಿದ್ದರೂ ಸುಮ್ಮನಾದ ಯಂತ್ರಕ್ಕೆ ಅದನ್ನು ತುಂಬಲು ಕಣ್ಣಿದ್ದವರೊಬ್ಬರು ಪಕ್ಕದಲ್ಲಿ ಕೂರಬೇಕು. ಆಟೋ ಹಿಡಿದು ನೀರಿನ ಕಚೇರಿಗೆ ಓಡಿದೆವು.

ಮೂರನೇ ಮಹಡಿಯ ಉದ್ದನೆಯ ಕೋಣೆ. ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಟೈಪ್ ಮಾಡುತ್ತಿದ್ದಳು. ನೋಡಿದವರಿಗೆ ಕೆಲಸ ಸಾಂಗವಾಗಿ ನಡೆಯುತ್ತಿದೆ ಅನ್ನಿಸಬೇಕು. ಎರಡು ಮೇಜಿನಾಚೆ ಕೂತ ಮೇಲಧಿಕಾರಿಗೂ ಹಾಗೇ ಅನ್ನಿಸಿತ್ತು. ನಾನು ಹಿಂದೆ ಹೋಗಿ ಪರದೆ ನೋಡಿದೆ. "ಮಾನ್ಯರೇ, ನಿಮ್ಮ ದೂರು ತಲುಪಿದೆ" ಅನ್ನುವ ಸಾಲು ಒಂದೇ ಪತ್ರದೊಳಗೆ ಮತ್ತೆ ಮತ್ತೆ, ಪುಟಗಟ್ಟಲೆ ಬಿದ್ದಿತ್ತು. ಮೂರು ದಿನದಲ್ಲಿ ಒಂದು ಪತ್ರವೂ ಆಚೆ ಹೋಗಿರಲಿಲ್ಲ.

ಇವರು ಅವಳ ಭುಜ ಮುಟ್ಟಿದರು. ಬೆಚ್ಚಿಬಿದ್ದು ಹೆಡ್‌ಫೋನ್ ತೆಗೆದಳು.

"ಯಾಕಮ್ಮ ಒಂದು ಫೋನ್ ಮಾಡಲಿಲ್ಲ?"

"ನಾನೇ ಏನೋ ಕೆಡಿಸಿದೆ ಅಂದ್ಕೊಂಡೆ ಸರ್," ಅಂದಳು, ತುಟಿ ಅಲುಗದ ಹಾಗೆ. "ಯಂತ್ರ ಕೈಕೊಟ್ರೆ ಮೊದಲು ನೀನೇನು ತಪ್ಪು ಮಾಡಿದೆ ನೋಡ್ಕೋ ಅಂತ ನೀವೇ ಕಲಿಸಿದ್ರಲ್ಲ. ಮೂರು ದಿನದಿಂದ ಹುಡುಕ್ತಾನೇ ಇದೀನಿ. ಇವ್ರಿಗೆ ಗೊತ್ತಾದ್ರೆ ಕಳಿಸಿಬಿಡ್ತಾರೆ ಅಂತ ಸುಮ್ನೆ ಬೆರಳಾಡಿಸ್ತಿದ್ದೆ."

ಇವರು ನನ್ನನ್ನು ಕೀಲಿಮಣೆಯ ಮುಂದೆ ಕೂರಿಸಿದರು. ಆಮೇಲೆ ಒಂದೊಂದೇ ಅಕ್ಷರ ಹೇಳಿದರು, ನಾನು ಒತ್ತಿದೆ. ಹೊಲಿಗೆಯ ಬೆರಳು, ತಡವಾಯಿತು. ಐದು ನಿಮಿಷಕ್ಕೆ ಹೆಡ್‌ಫೋನಿನೊಳಗೆ ದನಿ ಗುಣುಗುಣು ಅಂದಿತು. ಹುಡುಗಿ ಅದನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದಳು.

ಇವರು ಮೇಲಧಿಕಾರಿಯ ಮುಂದೆ ಹೋಗಿ ನಿಂತು, ತಪ್ಪು ನಂದು, ಅವಳದ್ದಲ್ಲ ಅಂದರು, ಬರೆದೂ ಕೊಟ್ಟರು. ಆತ ಪರದೆ ನೋಡಿ, ಹುಡುಗಿಯನ್ನು ನೋಡಿ, "ಶನಿವಾರದೊಳಗೆ ಬಾಕಿ ಮುಗಿಸ್ಲಿ, ನೋಡೋಣ" ಅಂದ. ಶನಿವಾರ ಮಧ್ಯಾಹ್ನಕ್ಕೇ ಮುಗಿಸಿದಳು. ಕೆಲಸ ಉಳಿಯಿತು.

ಆದರೆ ಆ ಗುರುವಾರ ನಾವು ಹೊರಡುವಾಗ ಅವಳೇ ಕೇಳಿದಳು, "ಬೇರೆಯವ್ರೂ ಹಿಂಗೇ ಕೂತಿರ್ತಾರಲ್ಲ ಸರ್, ಅವ್ರಿಗೆ ಯಾರು ಹೇಳ್ತಾರೆ?"

ಮನೆಗೆ ಬಂದವರೇ ಫೋನು ಹಿಡಿದು ಕೂತರು. ಗುರುತಿನವರ ನಂಬರು ಇದ್ದದ್ದು ನಲವತ್ತೊಂದು. ಒಬ್ಬೊಬ್ಬರಿಗೂ ಮೊದಲ ಮಾತೇ "ತಪ್ಪು ನಂದು". ದನಿ ಹೋಗಿದ್ದವರು ಹತ್ತೊಂಬತ್ತು ಜನ. ಹತ್ತೊಂಬತ್ತು ಜನರೂ ತಾವೇ ಏನೋ ಕೆಡಿಸಿದೆವು ಅಂದುಕೊಂಡಿದ್ದರು. ನಂಬರು ಇಲ್ಲದ ಉಳಿದವರು ಎಲ್ಲಿದ್ದಾರೆ, ಎಷ್ಟು ಜನ, ಯಾರಿಗೂ ಗೊತ್ತಿಲ್ಲ. ಬಿಟ್ಟಿ ಹಂಚಿದ್ದಕ್ಕೆ ಪಟ್ಟಿ ಯಾರು ಇಡುತ್ತಾರೆ?

ಈಗಲೂ ದಿನಾ ಬೆಳಿಗ್ಗೆ ದೂರುಗಳನ್ನು ಕೇಳಿಸಿಕೊಳ್ಳುತ್ತಾರೆ. ಬೈದು ಬರೆದವರಿದ್ದರೆ ಸಮಾಧಾನದಿಂದ ಕಾಫಿ ಕುಡಿಯುತ್ತಾರೆ. ಒಂದೂ ಇಲ್ಲದ ದಿನ ಲೋಟ ಅಲ್ಲೇ ಆರಿ ತಣ್ಣಗಾಗುತ್ತದೆ.