ಜಿನ್ನವ್ವನಿಗೆ ಬಂದ ವೈರಾಗ್ಯ

ಮಮದಾಪುರದ ಪಾಯಪ್ಪನ ಹೆಂಡತಿ ಜಿನ್ನವ್ವನಿಗೆ ವೈರಾಗ್ಯ ಬಂತು ಅಂತ ಊರೆಲ್ಲ ಹೇಳಿತು. ಬಂದದ್ದು ವೈರಾಗ್ಯವಲ್ಲ ಅಂತ ಬಲ್ಲವಳು ಜಿನ್ನವ್ವ ಒಬ್ಬಳೇ. ಹಾಗಾದರೆ ಏನು ಬಂದಿತ್ತು? ಹುಚ್ಚು ಅಂತ ಅವಳು ತಿಳಿದಿದ್ದಳು. ತಿಳಿದು, ಬಾಯಿ ಮುಚ್ಚಿಕೊಂಡಿದ್ದಳು.

ಸಾವಿರದ ಒಂಬೈನೂರ ಮೂವತ್ನಾಲ್ಕರ ಮಾತು. ವಾಂತಿಭೇದಿಯಲ್ಲಿ ಅವಳ ನಾಲ್ಕು ವರ್ಷದ ಮಗ ಹೋಗಿ ಆರು ತಿಂಗಳಾಗಿತ್ತು. ಜಿನ್ನವ್ವ ಅತ್ತಿರಲಿಲ್ಲ. ಅಳುವುದಕ್ಕೆ ಪುರುಸೊತ್ತಾದರೂ ಎಲ್ಲಿತ್ತು? ಅದೇ ಬೇನೆಯಲ್ಲಿ ಅತ್ತೆ ಸುಂದರಾಬಾಯಿ ಮಲಗಿದ್ದಳು, ಮಗಳು ಇಂದುಬಾಯಿ ಮಲಗಿದ್ದಳು. ಇಬ್ಬರನ್ನೂ ಬದುಕಿಸಿಕೊಳ್ಳುವಷ್ಟರಲ್ಲಿ ಅಳುವ ಹೊತ್ತು ದಾಟಿಹೋಗಿತ್ತು.

ಜೈನರ ಮನೆಯಲ್ಲಿ ಸೋಸದ ನೀರು ಕುಡಿಯುವುದಿಲ್ಲ. ಕೊಡದ ಬಾಯಿಗೆ ದಪ್ಪ ಅರಿವೆ ಮಡಚಿ ಹಾಕಿ ನೀರು ಸುರಿಯಬೇಕು, ಅರಿವೆಯಲ್ಲಿ ಉಳಿದ ಜೀವಗಳನ್ನು ತಿರುಗಿ ಅದೇ ಬಾವಿಗೆ ಮೆಲ್ಲಗೆ ಬಿಡಬೇಕು. ಒಂದು ಮುಂಜಾನೆ ಹೀಗೆ ನೀರು ಸುರಿಯುತ್ತಿದ್ದಾಗ ಜಿನ್ನವ್ವನಿಗೆ ತನ್ನ ಕೈ ಕಂಡಿತು. ಬಳೆ ಅವಳದೇ, ಮಣಿಕಟ್ಟಿನ ಸುಟ್ಟ ಕಲೆ ಅವಳದೇ. ಕೈ ಮಾತ್ರ ಇನ್ನಾರದೋ. ತಲೆ ಎತ್ತಿದಳು. ಅಂಗಳ, ಬೇವಿನ ಗಿಡ, ಎತ್ತುಗಳು ಎಲ್ಲ ಇದ್ದಲ್ಲೇ ಇದ್ದವು, ಆದರೆ ಒಂದೂ ಖರೆ ಅನ್ನಿಸಲಿಲ್ಲ. ತನಗೂ ಲೋಕಕ್ಕೂ ನಡುವೆ ಯಾರೋ ಸೋಸುವ ಅರಿವೆ ಹಿಡಿದು ನಿಂತ ಹಾಗಿತ್ತು. ಹೆದರಿ, ಅದೇ ನೀರನ್ನು ಮೂರು ಸಲ ಸೋಸಿದಳು.

ಅವಳ ಹೆದರಿಕೆಗೆ ಒಂದು ಮುಖವಿತ್ತು. ತವರೂರು ತುಕ್ಕಾನಟ್ಟಿಯಲ್ಲಿ ಅವಳ ದೊಡ್ಡವ್ವ ಅಕ್ಕಾತಾಯಿ ಒಂದು ದಿನ ‘ಈ ಮನಿ ನಮ್ಮದಲ್ಲ’ ಅಂದವಳು, ಮತ್ತೆ ಸರಿಹೋಗಲಿಲ್ಲ. ದನದ ಕೊಟ್ಟಿಗೆಯಲ್ಲಿ ಕಂಬಕ್ಕೆ ಕಟ್ಟಿದರು. ಎಂಟು ವರ್ಷದ ಜಿನ್ನವ್ವ ರೊಟ್ಟಿ ಒಯ್ದುಕೊಟ್ಟರೆ ದೊಡ್ಡವ್ವ ಅವಳ ಗಲ್ಲ ಹಿಡಿದು ಕೇಳುತ್ತಿದ್ದಳು: “ಖರೆ ಹೇಳ ಕೂಸ, ನೀ ಖರೆ ಅದಿಯೇನ?” ಹುಚ್ಚಿಯ ಮಗಳು ಅಂತ ದೊಡ್ಡವ್ವನ ಮಗಳಿಗೆ ಬಂದ ವರಗಳೆಲ್ಲ ತಿರುಗಿಹೋದವು. ಕೊನೆಗೆ ಮೂರು ಮಕ್ಕಳ ತಂದೆಗೆ ಎರಡನೇ ಸಂಬಂಧಕ್ಕೆ ಕೊಟ್ಟು ಕೈ ತೊಳೆದುಕೊಂಡರು.

ಈಗ ಇಂದುಬಾಯಿಗೆ ಹದಿನಾಲ್ಕು. ಹುಕ್ಕೇರಿಯಿಂದ ಸಂಬಂಧ ಕೇಳುತ್ತಿದ್ದರು. ಇಂಥ ಹೊತ್ತಿನಲ್ಲಿ ತಾಯಿ ಬಾಯಿಬಿಟ್ಟರೆ ಏನಾದೀತು ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೂ ಮನುಷ್ಯಳು ಎಷ್ಟು ದಿನ ತಡೆದಾಳು? ಒಂದು ಮಧ್ಯಾಹ್ನ ಜೋಳ ಹಸನು ಮಾಡುತ್ತ ಕೂತಾಗ ಮಾತು ತಾನಾಗಿ ಜಾರಿತು. “ಅತ್ತೀ, ಎಲ್ಲಾ ಸುಳ್ಳ ಅನಸತೈತ್ರಿ. ಮನಿ, ಮಂದಿ... ನನ್ನ ಮೈ ಸೈತ ನಂದಲ್ಲ ಅನಸತೈತಿ.”

ಸುಂದರಾಬಾಯಿಯ ಕೈ ಮೊರದಲ್ಲೇ ನಿಂತಿತು. ಬಸದಿಯಲ್ಲಿ ನಲವತ್ತು ವರ್ಷ ಶಾಸ್ತ್ರ ಕೇಳಿದ ಕಿವಿ ಅದು, ಬೇರೇನು ಕೇಳಿಸೀತು? “ದೇಹ ಬ್ಯಾರೆ, ಆತ್ಮ ಬ್ಯಾರೆ,” ಅಂದಳು ಮುದುಕಿ, ಕಣ್ಣು ತುಂಬಿಕೊಂಡು. “ನಾ ಜನ್ಮ ಪೂರ್ತಿ ಕೇಳಿದ್ದು ನಿನಗ ಕಂಡೈತಿ ನನ್ನವ್ವ. ಇದು ವೈರಾಗ್ಯ.” ಅಷ್ಟೇ ಅಲ್ಲ, ಸೊಸೆಯ ಕಾಲಿಗೆ ಹಣೆ ಹಚ್ಚಿದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೊಳಗೆ ಮಾತು ಹೊಸ್ತಿಲು ದಾಟಿತು, ವಾರದೊಳಗೆ ಊರು ದಾಟಿತು. ಹೆಸರು ಇಡುವುದರಲ್ಲಿ ನಮ್ಮ ಮಂದಿ ಗಟ್ಟಿ ನೋಡಿ. ರುಚಿ ಹತ್ತದೆ ಅವಳು ಊಟ ಬಿಟ್ಟರೆ ಅದು ಉಪವಾಸ. ಗೋಡೆ ನೋಡುತ್ತ ಕೂತರೆ ಧ್ಯಾನ. ಮಗ ಸತ್ತರೂ ಅಳದ್ದು ಸಮಭಾವ. ನೀರು ಮೂರು ಸಲ ಸೋಸುವುದಂತೂ ಅಹಿಂಸೆಯ ತುದಿ. ಒಳಗೊಳಗೆ ‘ಇವತ್ತು ಕಟ್ಟತಾರ, ನಾಳೆ ಕಟ್ಟತಾರ’ ಅಂತ ನಡುಗುತ್ತಿದ್ದವಳಿಗೆ ಹೆಂಗಸರು ಬಂದು ಕಾಲು ಮುಟ್ಟಿ ಹೋಗುತ್ತಿದ್ದರು.

ಹುಕ್ಕೇರಿಯ ಆಬಾಸಾಹೇಬ ತನ್ನ ಮಗ ಜಯಪಾಲನಿಗೆ ಹೆಣ್ಣು ನೋಡಲು ಚಕ್ಕಡಿ ಕಟ್ಟಿಕೊಂಡು ಬಂದವನು, ಹೆಣ್ಣನ್ನು ಸರಿಯಾಗಿ ನೋಡಲೇ ಇಲ್ಲ. ನೆಟ್ಟಗೆ ಜಿನ್ನವ್ವನಿಗೆ ಕೈಮುಗಿದ. “ಇಂಥಾ ತಾಯಿ ಹೊಟ್ಟೀಲೆ ಹುಟ್ಟಿದ ಹುಡುಗಿ ನಮ್ಮ ಮನಿಗೆ ಬರೋದು ನಮ್ಮ ಪುಣ್ಯೇವು. ದೀಕ್ಷಾ ಯಾವಾಗರಿ ತಾಯೀ?”

ದೀಕ್ಷೆ ಎಂದರೆ ಮನೆ, ಗಂಡ, ಮಗಳು, ಹೆಸರು ಎಲ್ಲ ಬಿಟ್ಟು ಬಿಳಿ ಸೀರೆಯುಟ್ಟು ಕಾಲುನಡಿಗೆಯಲ್ಲಿ ಹೊರಡುವುದು. ಜಿನ್ನವ್ವ ಬಾಗಿಲ ಮರೆಯಲ್ಲಿದ್ದ ಮಗಳ ಕಡೆ ನೋಡಿದಳು. ಅಲ್ಲ ಅಂದರೆ, ಮತ್ತೇನು ಅಂತ ಕೇಳುತ್ತಾರೆ. ಅತ್ತ ದರಿ, ಇತ್ತ ಪುಲಿ. “ಮೊದಲ ಲಗ್ನ ಆಗಲ್ರಿ,” ಅಂದಳು.

ಮಳೆಗಾಲಕ್ಕೆ ಹುಕ್ಕೇರಿಯಲ್ಲಿ ದಿಗಂಬರ ಮುನಿಗಳು ನಾಲ್ಕು ತಿಂಗಳು ನಿಂತರು. ಅವರಾದರೂ ಅವಸರ ಮಾಡಿದವರಲ್ಲ. ಎದುರು ಕೂತ ಜಿನ್ನವ್ವನನ್ನು ಬಹಳ ಹೊತ್ತು ನೋಡಿ ಕೇಳಿದರು: “ಇದು ಒಳಗಿಂದ ಬಂದದ್ದೇನವ್ವಾ? ದುಃಖದ ಭರಕ್ಕ ಬರಬ್ಯಾಡ. ಒಂದು ವರ್ಷ ತಡಿ.” ಜಿನ್ನವ್ವನ ನಾಲಿಗೆಯ ತುದಿಗೆ ಎಲ್ಲ ಬಂದಿತ್ತು. ಆದರೆ ಪಕ್ಕದಲ್ಲಿ ಆಬಾಸಾಹೇಬನ ಮನೆಯವರೆಲ್ಲ ಕೂತಿದ್ದರು. “ಒಳಗಿಂದನ ಬಂದೈತ್ರಿ ಮಹಾರಾಜ್ರ,” ಅಂದಳು. ಮುನಿಗಳಿಗೆ ಹೇಳಿದ ಸುಳ್ಳು ಅದು. ಅವಳಿಗೆ ಅದರ ಪಾಪಭಯವೂ ಹತ್ತಲಿಲ್ಲ, ಹೇಳಿದ್ದು ಯಾರೋ ಅನ್ನಿಸಿತ್ತು.

ಲಗ್ನವಾಯಿತು. ಇಂದುಬಾಯಿ ಗಂಡನ ಮನೆಗೆ ಹೋದಳು. ವರ್ಷ ತುಂಬುತ್ತ ಬಂದಾಗ ಒಂದು ಸಂಜೆ ಪಾಯಪ್ಪ ಎತ್ತಿಗೆ ಮೇವು ಹಾಕಿ ಬಂದು ಹೆಂಡತಿಯ ಎದುರು ನಿಂತ. ಮಾತು ಕಡಿಮೆ ಮನುಷ್ಯ. “ನಿನಗ ಖರೇನ ಹೋಗೋ ಮನಸ ಐತೇನ? ಇಲ್ಲಂದ್ರ ಈಗ ಹೇಳ. ಊರಿಗೆ ನಾ ಹೇಳತೇನಿ.”

ಅವನ ಮಾತು ಅವಳಿಗೆ ಕೇಳಿಸಿತು, ಆದರೆ ಮೂರು ಹೊಲದ ಆಚೆಯಿಂದ ಕೇಳಿಸಿತು. ಈಗ ಹಿಂದೆ ಸರಿದರೆ ಜನ ಏನಂದಾರು? ವೈರಾಗ್ಯ ಅಲ್ಲ, ಮತ್ತೆ ಹುಚ್ಚೇ. ತುಕ್ಕಾನಟ್ಟಿಯ ಅಕ್ಕಾತಾಯಿಯ ಕಥೆಯನ್ನು ಯಾರಾದರೂ ಹುಕ್ಕೇರಿಗೆ ಒಯ್ಯುತ್ತಾರೆ, ಇಂದುಬಾಯಿ ಅಲ್ಲಿ ದಿನಾ ಹುಚ್ಚಿಯ ಮಗಳು ಅನ್ನಿಸಿಕೊಂಡು ಬಾಳಬೇಕು.

“ಐತ್ರಿ,” ಅಂದಳು. ಪಾಯಪ್ಪ ತಿರುಗಿ ಕೊಟ್ಟಿಗೆಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ದೀಕ್ಷೆ ಹುಕ್ಕೇರಿಯಲ್ಲೇ ಆಯಿತು. ಚಪ್ಪರದ ತುಂಬ ಮಂದಿ. ಮೊದಲೇ ದೀಕ್ಷೆ ಪಡೆದಿದ್ದ ಹಿರಿಯ ಅಮ್ಮನವರು ತಲೆಗೆ ಬೂದಿ ಹಚ್ಚಿ ಕೈಯಿಂದಲೇ ಕೂದಲು ಕೀಳತೊಡಗಿದರು, ಕ್ರಮವೇ ಹಾಗೆ. ಮೊದಲ ಹಿಡಿ ಯಾರದೋ ತಲೆಯಿಂದ ಕಿತ್ತ ಹಾಗಾಯಿತು. ಎರಡನೆಯದೂ ಹಾಗೇ. ಕಿವಿಯ ಮೇಲಿನ ಎಳೆಗೂದಲಿಗೆ ಕೈ ಹೋದಾಗ ಉರಿ ನೆತ್ತಿಯಿಂದ ಹಲ್ಲಿನವರೆಗೆ ಇಳಿಯಿತು, ಮತ್ತು ಆ ಉರಿ ಅವಳದೇ ಆಗಿತ್ತು. ಒಮ್ಮೆಲೇ ಚಪ್ಪರದ ಹಸಿ ತೆಂಗಿನ ಗರಿಯ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಎತ್ತಿನ ಗೆಜ್ಜೆ ಕೇಳಿಸಿತು, ಹತ್ತಿರದಿಂದ. ತೊಡೆಯ ಮೇಲೆ ಒಂದು ಕೈ ಇತ್ತು, ಸುಟ್ಟ ಕಲೆಯ ಕೈ, ತನ್ನ ಕೈ. ಒಂದೂವರೆ ವರ್ಷದ ಮೇಲೆ ಲೋಕ ಬಂದು ತನ್ನ ಜಾಗದಲ್ಲಿ ಕೂತಿತ್ತು.

ಮುಂದಿನ ಸಾಲಿನಲ್ಲಿ ಮಗಳು ಇಂದು ಇದ್ದಳು. ಅತ್ತು ಮೂಗು ಕೆಂಪಾಗಿತ್ತು. ಹಿಂದೆ ಪಾಯಪ್ಪ ತಲೆಗೆ ಸುತ್ತಿದ ಪಟಗದ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದ. ಆಗ ನೆನಪಾಯಿತು ಜಿನ್ನವ್ವನಿಗೆ, ಮಗ. ಅವನ ಬೆವರಿದ ಕುತ್ತಿಗೆ, ಕೊನೆಯ ದಿನ ನೀರು ಕೇಳಿದ ದನಿ. ಅಳು ಬಂತು, ಎದೆ ಒಡೆದು ಬಂತು. ಜನ ಜಯಘೋಷ ಮಾಡಿದರು. ಆನಂದಬಾಷ್ಪ ಅಂದರು. ಎದ್ದು ಓಡಿಹೋಗಿ ಮಗಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು ಅವಳಿಗೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಇಂದು ಬಂದು ನಮಸ್ಕರಿಸಿದಾಗ, ಎಲ್ಲರಿಗೂ ಹೇಳುವ ಒಂದೇ ಮಾತನ್ನು ಅವಳಿಗೂ ಹೇಳಿದಳು. “ಧರ್ಮವೃದ್ಧಿ.”

ಹೊಸ ಹೆಸರು ಇಟ್ಟರು. ನಮಗೆ ಅವಳು ಜಿನ್ನವ್ವನೇ ಇರಲಿ. ಆರು ವರ್ಷ ನಡೆದಳು, ವ್ರತದಲ್ಲಿ ಒಂದು ಎಳೆಯೂ ತಪ್ಪಲಿಲ್ಲ. ವರ್ಷಕ್ಕೊಮ್ಮೆ ಇಂದು ಬಂದು ದೂರ ಕೂತು, ನಮಸ್ಕರಿಸಿ ಹೋಗುತ್ತಿದ್ದಳು. ಪಾಯಪ್ಪ ಎರಡು ಸಲ ಬಂದ, ಮೂರನೆಯ ವರ್ಷ ಅವನು ತೀರಿದ ಸುದ್ದಿ ಬಂತು.

ನಲವತ್ತೊಂದರ ಚಳಿಗಾಲದಲ್ಲಿ ಜಿನ್ನವ್ವ ಗೋಕಾಕದ ಬಸದಿಯಲ್ಲಿ ತಂಗಿದ್ದಾಗ ಇಂದು ಮೂರು ತಿಂಗಳ ಕೂಸಿನೊಂದಿಗೆ ಬಂದಳು. ಕೂಸನ್ನು ಎದೆಗವಚಿರಲಿಲ್ಲ, ನೆಲಕ್ಕೆ ಮಲಗಿಸಿ ತಾನು ಅತ್ತ ನೋಡುತ್ತ ಕೂತಳು. ಬೇರೆ ಹೆಂಗಸರು ಎದ್ದುಹೋದ ಮೇಲೆ ಮೆಲ್ಲಗೆ ಅಂದಳು: “ಅಮ್ಮಾರ, ನನಗೂ ಬಂದೈತ್ರಿ. ಎಲ್ಲಾ ದೂರ ಕಾಣತಾವು. ಈ ಕೂಸು ನಂದಲ್ಲ ಅನಸತೈತಿ. ನನಗ ಹುಚ್ಚ ಹಿಡಿತೇನೋ ಅಂತ ಅಂಜಿಕಿ. ಮಾವಾರು, ತಾಯಿ ಹಂಗ ಮಗಳು, ಇದೂ ವೈರಾಗ್ಯ ಅಂತಾರ. ಭಾಳ ಸಂತೋಷ ಆಗೈತಿ ಅವರಿಗೆ.”

ಜಿನ್ನವ್ವನ ಕೈಯಲ್ಲಿದ್ದ ಜಪಮಣಿ ನಿಂತಿತು. ಸುಮ್ಮನಿದ್ದರೆ ತನ್ನ ಮರ್ಯಾದೆ ಉಳಿಯುತ್ತದೆ, ಈ ಕೂಸು ತಾಯಿಯಿಲ್ಲದ್ದಾಗುತ್ತದೆ.

“ಹುಚ್ಚಲ್ಲ ಅದು,” ಅಂದಳು. “ವೈರಾಗ್ಯನೂ ಅಲ್ಲ. ಜೀವ ದಣದೈತಿ, ಅಷ್ಟ. ಹೋಗತೈತಿ.”

“ನಿಮಗ ಹೆಂಗ ಗೊತ್ರಿ?”

“ನನಗೂ ಅದ ಬಂದಿತ್ತು. ನನಗೂ ಹೋತು.”

“ಯಾವಾಗ?”

“ದೀಕ್ಷಾ ದಿನ. ಕೂದಲ ಕೀಳಾಗ.”

ನೆಲದ ಮೇಲೆ ಕೂಸು ಅಳಲು ಶುರುಮಾಡಿತು. ಜಿನ್ನವ್ವನ ಕೈ ತಾನಾಗಿ ಮುಂದೆ ಹೋಗಿ, ಅರ್ಧಕ್ಕೆ ನಿಂತಿತು. “ನಾ ಎತ್ಕೊಳ್ಳಾಂಗಿಲ್ಲ, ವ್ರತ ಐತಿ. ನೀ ಎತ್ಕೋ. ದೂರ ಕಂಡ್ರೂ ಎತ್ಕೋ. ಯಾರು ಏನ ಹೆಸರಿಟ್ಟರೂ ಹೂಂ ಅನಬ್ಯಾಡ.”

ಇಂದು ಕೂಸನ್ನು ಎತ್ತಿಕೊಂಡಳು. ಆರು ವರ್ಷದ ‘ರಿ’ ಅವಳ ಬಾಯಿಂದ ಬಿದ್ದುಹೋಯಿತು. “ಯವ್ವಾ, ವರ್ಷಾ ವರ್ಷಾ ನಾ ಬಂದು ನಮಸ್ಕಾರ ಮಾಡಾಗ... ನಿನಗ ನಾ ಕಾಣತಿದ್ನೇನ?”

“ಕಾಣತಿದ್ದಿ,” ಅಂದಳು ಜಿನ್ನವ್ವ. “ಭಾಳ ಹತ್ತರ ಕಾಣತಿದ್ದಿ.”